ಬೀಳಗಿಯ ದನಿ ಅಮೀರಬಾಯಿ

ಹಳೆಯ ಹಿಂದಿ ಹಾಡು ಕೇಳ್ತೀರಾ? ಹಾಗಾದ್ರೆ ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ದನಿ ನಿಮ್ಮ ಕಿವಿಗೆ ಬಿದ್ದೇ ಇರುತ್ತೆ. ಅಕ್ಕ ಗೋಹರಬಾಯಿ ಬಾಲಗಂಧರ್ವರೊಂದಿಗೆ ಮರಾಠಿ ರಂಗಭೂಮಿಯಲ್ಲಿ ಹೆಸರಾದರು. ತಂಗಿ ಮುಂಬಯಿಯ ಸಿನಿಮಾಗಳಲ್ಲಿ ನಟಿಸಿದರು, ಹಾಡಿದರು.

1943ರ ‘ಕಿಸ್ಮತ್’ ಅವರನ್ನು ಮನೆಮಾತಾಗಿಸಿತು. ಅದರಲ್ಲೊಂದು ದೇಶಭಕ್ತಿ ಗೀತೆ. ಮೇಲ್ನೋಟಕ್ಕೆ ಜರ್ಮನಿ, ಜಪಾನ್ ವಿರುದ್ಧ; ಆದರೆ ಗುರಿ ಬ್ರಿಟಿಷರು ಅಂತ ಪ್ರೇಕ್ಷಕರಿಗೆ ಗೊತ್ತಿತ್ತು! ಖಾನ್ ಮಸ್ತಾನರ ಜೊತೆ ಅದನ್ನು ಹಾಡಿದ್ದು ಇದೇ ಅಮೀರಬಾಯಿ.

1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಣ್ಣುಮಕ್ಕಳಿಗೆ ಆಗ ಅಪರೂಪಕ್ಕೆ ಸಿಗುತ್ತಿದ್ದ ಕೆಲಸವದು. 1965ರಲ್ಲಿ ತೀರಿಕೊಂಡರು.

ಹೋದಲ್ಲೆಲ್ಲ ‘ಕರ್ನಾಟಕಿ’ ಎಂದೇ ಗುರುತಿಸಿಕೊಂಡವರು ಅವರು. ಮುಂದಿನ ಸಲ ಫೋನಿನಲ್ಲಿ ‘ಕಿಸ್ಮತ್’ ಹಾಡು ಬಂದ್ರೆ ಪಕ್ಕದವರಿಗೆ ಹೇಳಿ: ‘ಇದು ನಮ್ಮ ಬೀಳಗಿ ದನಿ ರೀ!’