ಗೋಕರ್ಣದಲ್ಲೇ ಉಳಿದ ಮಾಸ್ತರರು

ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲೆಯಲ್ಲಿ ಪಾಠ ಹೇಳುವವರನ್ನು ಗಂಡಸರಾದರೆ ‘ಮಾಸ್ತರರು’ ಎಂದೂ ಹೆಂಗಸರಾದರೆ ‘ಅಕ್ಕೋರು’ ಎಂದೂ ಕರೆಯುವುದು ರೂಢಿ. 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯೇ ಉಳಿದಿದ್ದ ಈ ಜಿಲ್ಲೆಗೆ ಮುಂಬಯಿ ಆಡಳಿತ ಬಿಟ್ಟುಹೋದ ಮಾತುಗಳಲ್ಲಿ ಮಾಸ್ತರರು ಎಂಬುದೂ ಒಂದು. ತರಗತಿಗೆ ‘ಇಯತ್ತೆ’ ಎನ್ನುವುದು, ಕನ್ನಡ ಶಾಲೆಯ ಏಳನೆಯ ಇಯತ್ತೆಯ ಕೊನೆಯಲ್ಲಿ ಕಟ್ಟಬೇಕಾಗಿದ್ದ ಪರೀಕ್ಷೆಗೆ ‘ಮುಲ್ಕಿ’ ಎನ್ನುವುದು ಅದೇ ಕಾಲದವು. ಮುಲ್ಕಿ ಪಾಸಾದವನು ಪ್ರಾಥಮಿಕ ಶಾಲೆಯ ಮಾಸ್ತರನಾಗಬಹುದಿತ್ತು. ಅದಕ್ಕೂ ಮುಂದೆ ಓದಬೇಕೆಂದರೆ ಹೈಸ್ಕೂಲು ಸೇರಿ ಮೆಟ್ರಿಕ್ ದಾಟಬೇಕಿತ್ತು. ತಾಲ್ಲೂಕಿನ ಅಧಿಕಾರಿಯಾದ ಮಾಮಲೇದಾರರು ವರ್ಗವಾಗಿ ಹೋದ ಮರುದಿನ ಆ ಊರಿನ ಪಾಲಿಗೆ ಮಾಮಲೇದಾರರಲ್ಲ, ಆದರೆ ಮಾಸ್ತರರು ನಿವೃತ್ತರಾಗಿ ಮೂವತ್ತು ವರ್ಷ ಕಳೆದರೂ ಮಾಸ್ತರರೇ. ಅವರ ಮನೆ ‘ಮಾಸ್ತರ ಮನೆ’, ಅವರ ಮಗ ಎಷ್ಟೇ ದೊಡ್ಡವನಾದರೂ ಊರಿನ ಹಿರಿಯರ ಬಾಯಲ್ಲಿ ‘ಮಾಸ್ತರ ಮಗ’. ಹೀಗೆ ಒಂದು ಉದ್ಯೋಗದ ಹೆಸರು ಇಡೀ ಕುಟುಂಬದ ಹೆಸರಾಗಿ ನಿಲ್ಲುವುದು ಈ ಜಿಲ್ಲೆಯ ಸಾಮಾಜಿಕ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿ.

ಇದಕ್ಕೆ ಭೂಗೋಳವೂ ಒಂದು ಕಾರಣ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟ, ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟಗಳು ಜಿಲ್ಲೆಯನ್ನು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎಂದು ಎರಡಾಗಿಸಿವೆ. ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ; ಅಡಿಕೆ ತೋಟವಿರುವ ಕಣಿವೆಗೊಂದು, ಗುಡ್ಡದ ಆಚೆಗೊಂದು ಎಂಬಂತೆ ಚದುರಿದ ಮನೆಗಳ ಗುಂಪು. ಮಳೆಗಾಲದಲ್ಲಿ ಹಳ್ಳಕ್ಕೆ ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿ ಹಾಕಿದ ಕಾಲುಸಂಕವನ್ನು ದಾಟಿ, ಕಂಬಳಿ ಕೊಪ್ಪೆ ಹೊದ್ದು ಮೈಲುಗಟ್ಟಲೆ ನಡೆದು ಬರುವ ಹುಡುಗನಿಗೆ ಮನೆಯವರಲ್ಲದ, ನೆಂಟರಲ್ಲದ, ತನ್ನ ಜಾತಿಯವರೂ ಆಗಿರಬೇಕೆಂದಿಲ್ಲದ ಒಬ್ಬ ಹಿರಿಯರ ನಿತ್ಯದ ಒಡನಾಟ ಸಿಗುತ್ತಿದ್ದುದು ಶಾಲೆಯಲ್ಲಿ ಮಾತ್ರ. ಅಂಕೋಲಾ, ಕುಮಟಾ, ಹೊನ್ನಾವರಗಳ ಕಡೆಯಿಂದ ಘಟ್ಟ ಹತ್ತಿ ಬಂದು, ಬಾಡಿಗೆ ಮನೆ ಹಿಡಿದು, ಅಲ್ಲಿಯವರೇ ಆಗಿಹೋದ ಮಾಸ್ತರರು ಘಟ್ಟದ ಮೇಲಿನ ಊರುಗಳಲ್ಲಿ ಅನೇಕರಿದ್ದರು. ಹಳ್ಳ ಏರಿದರೆ ಸಂಕದ ಆಚೆಯ ಮಕ್ಕಳಿಗೆ ಶಾಲೆಯಿಲ್ಲ ಎಂಬುದು ಹಾಜರಿ ಪುಸ್ತಕ ಹಿಡಿದ ಮಾಸ್ತರರಿಗೆ ಹೇಳದೆಯೇ ತಿಳಿಯುತ್ತಿತ್ತು.

ಇಂಥ ಶಿಕ್ಷಕರನ್ನು ನೆನೆಯುವುದಕ್ಕೆ ಈಗ ‘ಗುರುವಂದನೆ’ ಎಂಬ ಕಾರ್ಯಕ್ರಮ ರೂಢಿಯಾಗಿದೆ. ಒಂದೇ ವರ್ಷ ಎಸ್.ಎಸ್.ಎಲ್.ಸಿ. ಮುಗಿಸಿದವರು ದಶಕಗಳ ತರುವಾಯ ಶಾಲೆಯ ಅಂಗಳದಲ್ಲಿ ಸೇರಿ, ನಿವೃತ್ತ ಮಾಸ್ತರರನ್ನೂ ಅವರ ಪತ್ನಿಯನ್ನೂ ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಸನ್ಮಾನಪತ್ರ ಓದುವುದು ಇದರ ಕ್ರಮ. ಸಂಭ್ರಮ ನಿಜವಾದದ್ದೇ, ಆದರೆ ಸನ್ಮಾನಪತ್ರವೆಂಬ ಪ್ರಕಾರದಷ್ಟು ಮನುಷ್ಯನನ್ನು ಮರೆಸುವ ಬರವಣಿಗೆ ಬೇರೊಂದಿಲ್ಲ: ಶಿಸ್ತಿನ ಸಿಪಾಯಿ, ಮಾತೃಹೃದಯಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ ಎಂದು ಅದರಲ್ಲಿ ಬರುವ ವಿಶೇಷಣಗಳನ್ನು ಪಕ್ಕದ ಊರಿನ ಮಾಸ್ತರರಿಗೆ ಹೊಂದಿಸಿದರೂ ಯಾರಿಗೂ ವ್ಯತ್ಯಾಸ ತಿಳಿಯದು. ಅದನ್ನು ಓದುತ್ತಿರುವಾಗ ಕನ್ನಡ ಕಲಿಸಿದ ಮಾಸ್ತರರ ಮನಸ್ಸು ಮಹಾಪ್ರಾಣ ತಪ್ಪಿದ ಯಾವುದೋ ಒಂದು ಶಬ್ದದ ಮೇಲೆ ನಿಂತಿರುವುದೂ ಉಂಟು. ಒಬ್ಬ ಮಾಸ್ತರರು ಬೇರೆಯವರಂತಲ್ಲದೆ ಏನಾಗಿದ್ದರು ಎಂಬುದನ್ನು ಕಾಣಬೇಕಾದರೆ ವಿಶೇಷಣಗಳನ್ನು ಬದಿಗಿಟ್ಟು ಅವರ ಬದುಕಿನ ವಿವರಕ್ಕೆ ಹೋಗಬೇಕಾಗುತ್ತದೆ. ಆ ಕೆಲಸಕ್ಕೆ ಈ ಜಿಲ್ಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಒದಗಿಬರುವವರು ಗೋಕರ್ಣದ ಗೌರೀಶ ಕಾಯ್ಕಿಣಿ.

1912ರ ಸೆಪ್ಟೆಂಬರ್ 12ರಂದು ಗೋಕರ್ಣದಲ್ಲಿ ಹುಟ್ಟಿದ ಗೌರೀಶರು ಬದುಕಿನ ಬಹುಪಾಲನ್ನು ಅದೇ ಊರಿನ ಭದ್ರಕಾಳಿ ಹೈಸ್ಕೂಲಿನಲ್ಲಿ ಶಿಕ್ಷಕರಾಗಿ ಕಳೆದು, ನಿವೃತ್ತಿಯ ನಂತರವೂ ಕಾಲು ಶತಮಾನಕ್ಕೆ ಮಿಕ್ಕಿ ಬರೆಯುತ್ತ ಬಾಳಿ, 2002ರ ನವೆಂಬರ್ 14ರಂದು ತೀರಿಕೊಂಡರು. ಕನ್ನಡ, ಕೊಂಕಣಿ, ಮರಾಠಿ, ಸಂಸ್ಕೃತ, ಇಂಗ್ಲಿಷ್ ಭಾಷೆಗಳಲ್ಲಿ ಗತಿಯಿದ್ದ, ವಿಮರ್ಶೆ, ತತ್ತ್ವಶಾಸ್ತ್ರ, ಮನೋವಿಜ್ಞಾನ, ಕಾವ್ಯ, ನಾಟಕ, ಅಂಕಣ ಹೀಗೆ ಹಲವು ಬಗೆಯಲ್ಲಿ ಬರೆದ ಇಂಥವರು ಯಾವುದಾದರೊಂದು ವಿಶ್ವವಿದ್ಯಾಲಯದಲ್ಲಿ ಇರಬೇಕಾಗಿತ್ತು ಎಂದು ಹಲುಬುವುದು ಸುಲಭ. ಆದರೆ ಆ ಹಲುಬಿನಲ್ಲಿ ಹೈಸ್ಕೂಲೆಂದರೆ ಕೆಳಗಿನ ಮೆಟ್ಟಿಲು ಎಂಬ ಎಣಿಕೆ ಅಡಗಿದೆ, ಮತ್ತು ಆ ಎಣಿಕೆಯಿಂದ ಅವರ ಬರವಣಿಗೆಯ ಸ್ವರೂಪವೇ ಅರ್ಥವಾಗದೆ ಹೋಗುತ್ತದೆ. ಕಾಲೇಜಿನ ಪ್ರಾಧ್ಯಾಪಕರು ವಿಷಯವನ್ನು ಆಯ್ದುಕೊಂಡು ಬಂದವರಿಗೆ ಹೇಳುತ್ತಾರೆ. ಹೈಸ್ಕೂಲಿನ ಮಾಸ್ತರರು ಆಯ್ಕೆಯೇ ಇಲ್ಲದೆ ಬಂದು ಕುಳಿತ, ಮೀನುಗಾರರ, ಗದ್ದೆಯವರ, ಭಟ್ಟರ, ಅಂಗಡಿಯವರ ಹದಿನಾಲ್ಕು ಹದಿನೈದರ ಮಕ್ಕಳಿಗೆ ಒಂದೇ ಮಾತನ್ನು ಒಂದೇ ಗಂಟೆಯಲ್ಲಿ ತಾಗಿಸಬೇಕಾಗುತ್ತದೆ. ಪಾಶ್ಚಾತ್ಯ ಸಾಹಿತಿಗಳನ್ನು ಕನ್ನಡಿಗರಿಗೆ ಪರಿಚಯಿಸುವ ‘ಪಶ್ಚಿಮದ ಪ್ರತಿಭೆ’ಯಂಥ ಅವರ ಕೃತಿಯ ಹಿಂದೆ ಇದೇ ಅಭ್ಯಾಸ ಕೆಲಸ ಮಾಡಿದೆ: ಓದುಗನಿಗೆ ಈ ಹೆಸರು ಗೊತ್ತಿರಲಾರದು, ಆದರೆ ಗೊತ್ತಾಗಬಾರದೆಂದೇನಿಲ್ಲ ಎಂಬ ನಂಬಿಕೆ. ಶೈಲಿ ಮಾತ್ರ ಎಲ್ಲ ಕಡೆ ಸುಲಭವಲ್ಲ. ಸಂಸ್ಕೃತ ಸಮಾಸಗಳ ಮೋಹವೂ ಶ್ಲೇಷೆಯ ಚಪಲವೂ ಅವರ ಗದ್ಯವನ್ನು ಕೆಲವೊಮ್ಮೆ ಭಾರವಾಗಿಸಿವೆ ಎಂಬುದನ್ನು ಅಭಿಮಾನಿಗಳೂ ಒಪ್ಪಬೇಕು.

ಅವರ ವಿಚಾರಕ್ಕೆ ನೆಲೆಯಾದದ್ದು ಎಂ. ಎನ್. ರಾಯ್ ಅವರ ‘ನವಮಾನವತಾವಾದ’. 1887ರಲ್ಲಿ ಬಂಗಾಳದಲ್ಲಿ ಹುಟ್ಟಿ, ಮೆಕ್ಸಿಕೋದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾಗಿ, 1920ರಲ್ಲಿ ಮಾಸ್ಕೋದಲ್ಲಿ ಲೆನಿನ್ನರೆದುರು ತಮ್ಮದೇ ವಾದ ಮಂಡಿಸಿದ ರಾಯ್, ಮುಂದೆ ಅಧಿಕಾರ ರಾಜಕಾರಣದಲ್ಲಿ ನಂಬಿಕೆ ಕಳೆದುಕೊಂಡು, ತಾವೇ ಸ್ಥಾಪಿಸಿದ್ದ ರ‍್ಯಾಡಿಕಲ್ ಡೆಮಾಕ್ರಟಿಕ್ ಪಕ್ಷವನ್ನು 1948ರಲ್ಲಿ ವಿಸರ್ಜಿಸಿದರು. ದೇವರು, ರಾಷ್ಟ್ರ, ವರ್ಗ ಇವುಗಳಲ್ಲಿ ಯಾವುದಕ್ಕೂ ಬಿಡಿ ಮನುಷ್ಯನನ್ನು ಬಲಿಗೊಡಕೂಡದು, ನೀತಿಗೆ ಆಧಾರ ಮನುಷ್ಯನ ವಿವೇಕವೇ ಹೊರತು ಪರಲೋಕದ ಭಯವಲ್ಲ, ಸಮಾಜ ಬದಲಾಗುವುದು ಪಕ್ಷದ ಗೆಲುವಿನಿಂದಲ್ಲ, ಜನರ ತಿಳಿವಳಿಕೆಯಿಂದ ಎಂಬುದು ಈ ವಾದದ ಸಾರ. ಇದನ್ನು ಕನ್ನಡದಲ್ಲಿ ವಿವರಿಸಿದವರಲ್ಲಿ ಗೌರೀಶರು ಪ್ರಮುಖರು. ಮಹಾಬಲೇಶ್ವರನ ಆತ್ಮಲಿಂಗವಿರುವ, ಕೋಟಿತೀರ್ಥದ ದಂಡೆಯಲ್ಲಿ ವರ್ಷವಿಡೀ ಪಿತೃಕಾರ್ಯ ನಡೆಯುವ ಕ್ಷೇತ್ರದಲ್ಲಿ, ಕ್ಷೇತ್ರದೇವತೆಗಳಲ್ಲಿ ಒಬ್ಬಳಾದ ಭದ್ರಕಾಳಿಯ ಹೆಸರನ್ನೇ ಹೊತ್ತ ಶಾಲೆಯಲ್ಲಿ, ಇಂಥ ವಿಚಾರವಾದಿಯೊಬ್ಬರು ಮಾಸ್ತರರಾಗಿ ಊರಿನವರ ಗೌರವವನ್ನು ಉಳಿಸಿಕೊಂಡೇ ಬಾಳಿದರು. ಊರನ್ನು ಬಿಟ್ಟು ಊರನ್ನು ಟೀಕಿಸುವುದಕ್ಕಿಂತ, ಮರುದಿನ ಬೆಳಗ್ಗೆ ಅದೇ ರಥಬೀದಿಯಲ್ಲಿ ಅದೇ ಜನರಿಗೆ ಎದುರಾಗಿ ನಡೆಯಬೇಕಾದವನ ಭಿನ್ನಮತ ಬೇರೆಯದೇ ಜಾತಿಯದು. ಅದಕ್ಕೆ ಧೈರ್ಯದಷ್ಟೇ ನಯವೂ ಬೇಕು.

ಗೌರೀಶರನ್ನು ಗೃಹಸ್ಥರಾಗಿ ನೋಡದೆ ಈ ಚಿತ್ರ ಪೂರ್ತಿಯಾಗದು. ಪತ್ನಿ ಶಾಂತಾ ಸಮಾಜಸೇವೆಯಲ್ಲಿ ತೊಡಗಿದ್ದವರು; ಗಂಡ ಶಾಲೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಹೆಂಡತಿ ಊರಿನಲ್ಲಿ ಮಾಡುತ್ತಿದ್ದ ಕೆಲಸ ಜೊತೆಯಾಗಿತ್ತು. ಮಾಸ್ತರರನ್ನು ಹೊಗಳುವವರು ಅವರ ಹೆಂಡತಿಯ ಪಾಲನ್ನು ‘ಬೆನ್ನೆಲುಬಾಗಿ ನಿಂತರು’ ಎಂಬ ಒಂದು ವಾಕ್ಯದಲ್ಲಿ ಮುಗಿಸಿಬಿಡುವ ವಾಡಿಕೆ ಈ ಮನೆಗೆ ಒಪ್ಪುವುದಿಲ್ಲ. ಮಗ ಜಯಂತ ಕಾಯ್ಕಿಣಿ 1955ರ ಜನವರಿ 24ರಂದು ಗೋಕರ್ಣದಲ್ಲೇ ಹುಟ್ಟಿ, ಹತ್ತೊಂಬತ್ತರ ಹರೆಯದಲ್ಲಿ ‘ರಂಗದಿಂದೊಂದಿಷ್ಟು ದೂರ’ ಕವನಸಂಕಲನಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದು, ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿ, ಮುಂಬಯಿಯಲ್ಲಿ ದೀರ್ಘಕಾಲ ಉದ್ಯೋಗದಲ್ಲಿದ್ದವರು. ಅವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿ.ಎಸ್.ಸಿ. ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. ತಂದೆಯ ಗದ್ಯ ಗ್ರಂಥಗಳಿಂದ ಗ್ರಂಥಗಳಿಗೆ ಜಿಗಿಯುತ್ತದೆ, ಮಗನ ಗದ್ಯ ಬಸ್ ನಿಲ್ದಾಣ, ಲಾಜು, ಆಸ್ಪತ್ರೆಯ ವರಾಂಡಗಳಲ್ಲಿ ನಿಂತುಬಿಡುತ್ತದೆ. ಮೇಲುನೋಟಕ್ಕೆ ಇಬ್ಬರಲ್ಲೂ ಹೋಲಿಕೆಯೇ ಇಲ್ಲ. ಆದರೂ ಬಿಡಿ ಮನುಷ್ಯ ಯಾವ ದೊಡ್ಡ ಹೆಸರಿಗೂ ಬಲಿಯಾಗಬಾರದು ಎಂದು ತಂದೆ ತತ್ತ್ವವಾಗಿ ಹೇಳಿದ್ದನ್ನೇ ಮಗನ ಕಥೆಗಳು ಸಿನಿಮಾ ಥಿಯೇಟರಿನ ಬಾಗಿಲು ಕಾಯುವವನ, ಹೋಟೆಲ್ ಹುಡುಗನ ಪಕ್ಕ ಕುಳಿತು ಹೇಳುತ್ತಿವೆ ಎಂದು ಓದಲು ಅವಕಾಶವಿದೆ.

ಗೌರೀಶರು ಒಂಟಿ ಮರವಲ್ಲ. ‘ಚುಟುಕ ಬ್ರಹ್ಮ’ರೆಂದು ಹೆಸರಾದ ದಿನಕರ ದೇಸಾಯಿ (1909–1982) ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರಾಗಿ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ರೈತರ, ಹಿಂದುಳಿದವರ ಮಕ್ಕಳ ಅಳವಿಗೆ ಹೈಸ್ಕೂಲನ್ನು ತಂದರು, ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ಬಂದದ್ದೂ ಇದೇ ಟ್ರಸ್ಟಿನಿಂದ. ಅಂಕೋಲೆ ಸಮೀಪದ ಅಂಬಾರಕೊಡ್ಲದ ವಿಷ್ಣು ನಾಯ್ಕರು ಶಿಕ್ಷಕ ವೃತ್ತಿಯ ಜೊತೆಗೇ ಕವಿಯಾಗಿ, ರಾಘವೇಂದ್ರ ಪ್ರಕಾಶನದ ಮೂಲಕ ಜಿಲ್ಲೆಯ ಬರಹಗಾರರ ಪುಸ್ತಕಗಳನ್ನು ಹೊರತಂದರು. ಪುಸ್ತಕ ಬರೆಯದ, ಟ್ರಸ್ಟು ಕಟ್ಟದ, ಆದರೆ ಗಣಿತದ ಲೆಕ್ಕವೊಂದನ್ನು ಮೂರನೆಯ ಬಾರಿ ಬೋರ್ಡಿನ ಮೇಲೆ ಬಿಡಿಸಿ ತೋರಿಸಲು ಬೇಸರಿಸದ ಮಾಸ್ತರರ ಸಂಖ್ಯೆ ಇವರೆಲ್ಲರಿಗಿಂತ ದೊಡ್ಡದು. ಚರಿತ್ರೆಯ ಪುಸ್ತಕದಲ್ಲಿ ಅವರ ಹೆಸರುಗಳು ಬಂದಿಲ್ಲ.

ಅಂಥವರ ಗುರುತು ಉಳಿದಿರುವುದು ಬೇರೊಂದು ಪುಸ್ತಕದಲ್ಲಿ. ಪ್ರತಿ ಶಾಲೆಯಲ್ಲಿಯೂ ಸೇರಿದ ಮಕ್ಕಳ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖುಗಳನ್ನು ದಾಖಲಿಸುವ ಉದ್ದನೆಯ ‘ಜನರಲ್ ರಜಿಸ್ಟರ್’ ಇರುತ್ತದೆ. ಹಳ್ಳಿಯ ಮನೆಗಳಲ್ಲಿ ಹುಟ್ಟಿದ ದಿನವನ್ನು ಬರೆದಿಡುವ ಪದ್ಧತಿ ಕಡಿಮೆಯಿದ್ದುದರಿಂದ, ಮಗುವನ್ನು ಕನ್ನಡ ಶಾಲೆಗೆ ಸೇರಿಸುವಾಗ ಮಾಸ್ತರರೇ ಅಂದಾಜಿನಲ್ಲಿ ಒಂದು ತಾರೀಖನ್ನು, ಹೆಚ್ಚಾಗಿ ಶಾಲಾವರ್ಷ ತೊಡಗುವ ಜೂನ್ 1ನ್ನು ಬರೆದುಬಿಡುತ್ತಿದ್ದರು. ಹೈಸ್ಕೂಲಿನ ರಜಿಸ್ಟರಿಗೂ ಅದೇ ಹೋಗುತ್ತಿತ್ತು, ಮುಂದೆ ನೌಕರಿಗೂ ಪಿಂಚಣಿಗೂ ಅದೇ ಹುಟ್ಟಿದ ದಿನವಾಗುತ್ತಿತ್ತು. ಘಟ್ಟದ ಮೇಲಾಗಲಿ ಕೆಳಗಾಗಲಿ, ದಾಖಲೆಯ ನಕಲು ಬೇಕೆಂದು ಹಳೆಯ ಶಾಲೆಗೆ ಬರುವ ಎಪ್ಪತ್ತರ ಹಿರಿಯರು ಗುಮಾಸ್ತರು ತೆರೆದ ಪುಟದಲ್ಲಿ ತಮ್ಮ ಹೆಸರನ್ನು ಹುಡುಕುವ ಮೊದಲೇ, ಮಾಸಿದ ನೀಲಿ ಶಾಯಿಯ ಓರೆ ಅಕ್ಷರಗಳ ಮೇಲೆ ಬೆರಳಿಟ್ಟು, ಇದು ಇಂಥ ಮಾಸ್ತರರ ಕೈ ಎಂದು ಗುರುತಿಸುವುದುಂಟು.