ಅಳಿವೆಯಲ್ಲಿ ಡಾಲ್ಫಿನ್ ಮರಿ ಕಂಡ್ರೆ ಹತ್ತಿರ ಯಾಕೆ ಹೋಗ್ಬಾರ್ದು?

ಇವತ್ತಿನ ಎಪಿಸೋಡ್ ಶುರು ಆಗೋದು ಒಂದು ಉಸಿರಿನ ಸದ್ದಿಂದ. "ಪುಸ್ಸ್..." ಕೇಳಿಸ್ತಾ? ಡಿಸೆಂಬರ್‌ನ ಒಂದು ಬೆಳಿಗ್ಗೆ ಗಂಗೊಳ್ಳಿ ಅಳಿವೆ ಹತ್ತಿರ, ನಾಡದೋಣಿಯಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಡಾಲ್ಫಿನ್ ಒಂದು ಮೇಲೆ ಬಂದು ಉಸಿರು ಬಿಟ್ಟಿತು. ಅದರ ಬೆನ್ನಿಗೇ ಇನ್ನೊಂದು ಸಣ್ಣ ಸದ್ದು. ಅದು ಮರಿಯದ್ದು.

ನಾನು ತಕ್ಷಣ ಮೊಬೈಲ್ ಎತ್ತಿ, "ಅಣ್ಣ, ಸ್ವಲ್ಪ ಹತ್ರ ಹೋಗ್ವ" ಅಂದೆ. ದೋಣಿಯವರು ಎಂಜಿನ್ನೇ ಬಂದ್ ಮಾಡಿದ್ರು. "ಬ್ಯಾಡ ಮಾರಾಯಾ, ಮರಿ ಇತ್ತ್ ಕಾಣ್" ಅಂದ್ರು. ರೀಲ್ಸ್ ಹೋಯ್ತಲ್ಲ ಅಂತ ನಂಗೆ ಸಿಟ್ಟು ಬಂತು. ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು, ಅವರು ಮಾಡಿದ್ದೇ ಸರಿ.

ನಾವು ಕಂಡದ್ದು ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನ ಮೇಲೆ ಗೂನು, ಗೂನಿನ ಮೇಲೆ ಸಣ್ಣ ರೆಕ್ಕೆ. ಇದು ಆಳಕಡಲಿನದ್ದಲ್ಲ, ಹೆಚ್ಚಾಗಿ 25 ಮೀಟರ್‌ಗಿಂತ ಕಡಿಮೆ ಆಳದಲ್ಲಿ, ದಡದ ಹತ್ತಿರವೇ ಇರುತ್ತೆ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಬ್ರಹ್ಮಾವರದ ಕೋಡಿಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ಹೊಳೆ. ಹೊಳೆ ಕಡಲು ಸೇರುವಲ್ಲಿ ಮೀನು ಜಾಸ್ತಿ. ನಮ್ಮ ದೋಣಿ, ಬಲೆಗಳೂ ಅಲ್ಲೇ. ತೊಂದರೆ ಶುರುವಾಗೋದೂ ಅಲ್ಲೇ.

ಹೊಸ ಮರಿ ಅಂತ ಗುರುತಿಸೋದು ಹೇಗೆ? ಉದ್ದ ಸುಮಾರು 1 ಮೀಟರ್. ಬಣ್ಣ ತಿಳಿ, ಗೂನು ಇನ್ನೂ ಬಂದಿರಲ್ಲ. ಹೊಟ್ಟೆಯೊಳಗೆ ಮಡಚಿಕೊಂಡಿದ್ದ ಗೆರೆಗಳು ಮೈಮೇಲೆ ಕಾಣ್ತವೆ. ಉಸಿರಾಡೋಕೆ ತಲೆಯನ್ನ ಪೂರ್ತಿ ಮೇಲೆತ್ತುತ್ತೆ. ತಾಯಿಯ ಪಕ್ಕಕ್ಕೇ ಅಂಟಿಕೊಂಡು ಈಜುತ್ತೆ, ಯಾಕಂದ್ರೆ ತಾಯಿ ಎಬ್ಬಿಸುವ ನೀರಿನ ಸೆಳೆತದಲ್ಲಿ ಮರಿಗೆ ಶ್ರಮ ಕಡಿಮೆ. ದೋಣಿ ಬೆನ್ನಟ್ಟಿದ್ರೆ ಆ ಜೋಡಿ ತಪ್ಪುತ್ತೆ, ಹಾಲು ಕುಡಿಯೋದೂ ನಿಲ್ಲುತ್ತೆ. ಎಂಜಿನ್ ಸದ್ದಿನಲ್ಲಿ ತಾಯಿಯ ಸಿಳ್ಳೆ ಮರಿಗೆ ಕೇಳಿಸದೇ ಹೋಗ್ಬಹುದು.

ಡಾಲ್ಫಿನ್ ಕುಟುಂಬದಲ್ಲೇ ದೊಡ್ಡದು ಓರ್ಕಾ. 2018ರಲ್ಲಿ ಅಮೆರಿಕ-ಕೆನಡಾ ಗಡಿಯ ಕಡಲಲ್ಲಿ ತಹ್ಲೆಕ್ವಾ ಎಂಬ ತಾಯಿ ಓರ್ಕಾ, ಸತ್ತ ಮರಿಯನ್ನ 17 ದಿನ ಹೊತ್ತುಕೊಂಡೇ ಈಜಿತು. ಆ ಗುಂಪಿನ ಓರ್ಕಾಗಳಿಂದ ದೋಣಿಗಳು ಸುಮಾರು 900 ಮೀಟರ್ ದೂರ ಇರ್ಬೇಕು ಅಂತ ವಾಷಿಂಗ್ಟನ್ ರಾಜ್ಯದಲ್ಲಿ 2025ರಿಂದ ಕಾನೂನೇ ಇದೆ.

ನಾನು ಬಿಕಾಂ, ಲೆಕ್ಕದಲ್ಲೇ ಹೇಳ್ತೇನೆ. ಹಂಪ್‌ಬ್ಯಾಕ್ ಡಾಲ್ಫಿನ್ ಒಂದು ಸಲಕ್ಕೆ ಹೆರೋದು ಒಂದೇ ಮರಿ. ಮುಂದಿನದಕ್ಕೆ ಸುಮಾರು 3 ವರ್ಷ ಕಾಯ್ಬೇಕು. ಜಮೆ ಇಷ್ಟು ನಿಧಾನ ಇರುವಾಗ, ಗಿಲ್‌ನೆಟ್‌ಗೆ ಸಿಕ್ಕಿ ಸಾಯುವ ಒಂದೊಂದೂ ದೊಡ್ಡ ಖರ್ಚು. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ನಮ್ಮ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲೂ ಡಾಲ್ಫಿನ್‌ಗೆ ರಕ್ಷಣೆ ಇದೆ. ಹಾಗಂತ ಮೀನುಗಾರರನ್ನ ಬೈಯೋದಲ್ಲ. ಬಲೆ ಹರಿದ್ರೆ ನಷ್ಟ ಅವರದ್ದೇ. ಅವತ್ತು ಎಂಜಿನ್ ಬಂದ್ ಮಾಡಿದ್ದೂ ಒಬ್ಬ ಮೀನುಗಾರರೇ.

ಮರವಂತೆಯಲ್ಲೋ ಬೈಂದೂರಿನ ಸೋಮೇಶ್ವರದಲ್ಲೋ ಜೀವ ಇರುವ ಡಾಲ್ಫಿನ್ ದಡಕ್ಕೆ ಬಂದದ್ದು ಕಂಡ್ರೆ ಬಾಲ ಹಿಡಿದು ಎಳೀಬೇಡಿ. ಒದ್ದೆ ಬಟ್ಟೆ ಹೊದಿಸಿ. ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ನೀರು, ಮರಳು ಹೋಗದ ಹಾಗೆ ನೋಡ್ಕೊಳ್ಳಿ. ಜನ ಸೇರಿಸೋ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ.

ನನ್ನ ಹತ್ರ ವಿಡಿಯೋ ಇಲ್ಲ. ಆ ಎರಡು ಉಸಿರು ಇದೆ, ಒಂದು ದೊಡ್ಡದು, ಒಂದು ಸಣ್ಣದು. ಇಯರ್‌ಫೋನ್ ಹಾಕ್ಕೊಂಡು ಇನ್ನೊಂದು ಸಲ ಕೇಳಿ.