61ರಲ್ಲೇ ನಿಂತ ಓಟ

ಓಟ ಆರಂಭಿಸಿದ ಮೊದಲ ವಾರಗಳಲ್ಲಿ ಉತ್ಸಾಹವೋ ಉತ್ಸಾಹ. ಆಮೇಲೆ ವೇಗ ಹೆಚ್ಚಲೊಲ್ಲದು. ಬೂಟು ಮೂಲೆ ಸೇರುತ್ತದೆ.

1954ರ ಏಪ್ರಿಲ್‌ನಲ್ಲಿ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್‌ಗೂ ಹೀಗೇ ಆಗಿತ್ತು. ನಾಲ್ಕು ನಿಮಿಷದೊಳಗೆ ಮೈಲಿ ಓಡುವ ಹಂಬಲ. ಅಭ್ಯಾಸದಲ್ಲಿ 440 ಗಜದ ಸುತ್ತನ್ನು ನಡುನಡುವೆ ಬಿಡುವು ಕೊಟ್ಟು ಹತ್ತು ಬಾರಿ ಓಡುತ್ತಿದ್ದ. ಎಷ್ಟು ಹೆಣಗಿದರೂ ಸುತ್ತಿಗೆ 61 ಸೆಕೆಂಡು, ಬೇಕಿದ್ದುದು 60.

ಆತ ಇನ್ನಷ್ಟು ಓಡಲಿಲ್ಲ, ಓಟ ಬಿಡಲೂ ಇಲ್ಲ. ಗೆಳೆಯ ಕ್ರಿಸ್ ಬ್ರಾಷರ್ ಜತೆ ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೊರಟ! (ಕಾಲು ಉಳುಕುವ ಭಯವಿದ್ದವರು ಬೆಟ್ಟ ಬಿಟ್ಟು ಬಿಡುವನ್ನಷ್ಟೇ ಅನುಸರಿಸಬಹುದು.) ದಣಿದ ಸ್ನಾಯು ಚೇತರಿಸಿಕೊಂಡು ಬಲಿಯುವುದು ವಿಶ್ರಾಂತಿಯಲ್ಲೇ. ಎರಡು ದಿನ ಸುಮ್ಮನೆ ಕೂತ ಮಗನನ್ನು ‘ಸೋಮಾರಿ’ ಎನ್ನುವ ಅಪ್ಪಂದಿರು ಇದನ್ನು ಗಮನಿಸಬೇಕು.

ಮರಳಿ ಬಂದು ಓಡಿದಾಗ ಸುತ್ತು 59ಕ್ಕಿಳಿಯಿತು. ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಮೈಲಿಗೆ ಹಿಡಿದದ್ದು 3 ನಿಮಿಷ 59.4 ಸೆಕೆಂಡು.